ನೀಲವ್ವನ ಟ್ರಂಕು

ವರದಾ ನದಿಯ ದಂಡೆಯ ಮೇಲೆ ಒಂದು ಮಠ. ಮಠಕ್ಕೆ ಸೇರಿದ್ದೊಂದು ಹೆಣ್ಣುಮಕ್ಕಳ ಕಾಲೇಜು. ಅಲ್ಲಿ ಬಾಸ್ಕೆಟ್‌ಬಾಲ್ ಕಲಿಸುತ್ತಲೇ ಅಡವಯ್ಯ ಗುರುಗಳ ತಲೆ ಬೆಳ್ಳಗಾಗಿತ್ತು. ಮುಂದೆ ತಂಡವನ್ನು ನೋಡಿಕೊಳ್ಳಬೇಕಾದವನು ಅವರ ಶಿಷ್ಯ ಫಕ್ಕೀರೇಶ.

ಆಟಗಾರ್ತಿಯರಿಗೆ ಊಟ, ವಸತಿ ಮಠದಲ್ಲೇ. ಅವರ ಕೋಣೆಯಲ್ಲಿ ಎಂಟು ಮಂಚ. ಒಂಬತ್ತನೆಯದಕ್ಕೆ ಜಾಗವಿರಲಿಲ್ಲ.

ಆ ವರ್ಷ ಶಿಷ್ಯ ಹೈಸ್ಕೂಲು ಪಂದ್ಯಗಳನ್ನು ನೋಡಿ ಬಂದ.

“ಗುರುಗಳೇ, ಕಸ್ತೂರಿ ಅಂತ ಒಬ್ಬ ಹುಡುಗಿ. ಚೆಂಡು ಅವಳ ಕೈಯಲ್ಲಿ ಸಾಕಿದ ಪಾರಿವಾಳದ ಹಾಗೆ ಇರುತ್ತದೆ. ಈಗಲೇ ಹೋಗದಿದ್ದರೆ ಕೈತಪ್ಪುತ್ತಾಳೆ. ಪಟ್ಟಣದ ಕಾಲೇಜಿನವರು ಶೂ ಕೊಟ್ಟು ಹೋಗಿದ್ದಾರೆ. ಇನ್ನೊಬ್ಬರು ಮುಂದೆ ರೈಲ್ವೆಯಲ್ಲಿ ನೌಕರಿ ಅಂದಿದ್ದಾರೆ.”

“ನಾವೇನು ಕೊಡೋಣ?”

“ಒಂದು ಮಂಚ.”

“ಯಾರದು?”

ಶಿಷ್ಯ ನೆಲ ನೋಡಿದ. “ನೀಲವ್ವನದು. ಮೊಣಕಾಲು ಕೆಟ್ಟು ವರ್ಷವಾಯಿತು. ಅವಳು ಇನ್ನು ಆಡುವ ಹಾಗೆ ಕಾಣುವುದಿಲ್ಲ. ಊರಿಗೆ ಕಳಿಸಿದರೆ ಅವಳ ಓದು ನಿಲ್ಲುತ್ತದೆ, ಗೊತ್ತು. ಆದರೆ ತಂಡ ನಡೀಬೇಕಲ್ಲ ಗುರುಗಳೇ.”

ಗುರುಗಳು ಚೆಂಡಿಗೆ ಗಾಳಿ ತುಂಬುತ್ತಿದ್ದರು. ತುಂಬಿ ಮುಗಿಸಿ ಹೇಳಿದರು: “ನಾಳೆ ಕಸ್ತೂರಿಯ ಮನೆಗೆ ಹೋಗೋಣ. ನೀಲವ್ವನನ್ನೂ ಕರಿ.”

ನೀಲವ್ವನ ಊರು ಅದೇ ದಾರಿಯಲ್ಲಿತ್ತು. ಬರುವಾಗ ಅವಳನ್ನು ಅಲ್ಲಿ ಇಳಿಸುವುದಿರಬೇಕು ಎಂದು ಶಿಷ್ಯ ತಿಳಿದ. ಟ್ರಂಕು ತುಂಬಿಕೋ ಎಂದು ಅವಳಿಗೆ ಹೇಳಿದ. ಅವಳು ತುಂಬಿಕೊಂಡಳು.

ಬಸ್ಸಿನಲ್ಲಿ ಟ್ರಂಕು ಕಣ್ಣಿಗೆ ಬಿದ್ದರೂ ಗುರುಗಳು ಏನೂ ಅನ್ನಲಿಲ್ಲ.

ಕಸ್ತೂರಿಯ ತಾಯಿ ಬಾಳವ್ವ, ಹೆಣ್ಣು ನೋಡಲು ಬಂದವರಿಗೆ ಹಾಸುವ ಜಮಖಾನವನ್ನೇ ಹಾಸಿದಳು. ಒಗ್ಗರಣೆ ಅವಲಕ್ಕಿ ತಂದಿಟ್ಟಳು. ಕಸ್ತೂರಿ ಬಾಗಿಲಿಗೆ ಒರಗಿ ನಿಂತಳು.

ಶಿಷ್ಯ ಕಾಲೇಜಿನ ಹಿರಿಮೆ ಹೇಳಿದ. ಗೆದ್ದ ಕಪ್ಪುಗಳನ್ನು ಹೇಳಿದ. ಬಾಳವ್ವ ಹೂಂ ಅಂದಳು. ಅವಳ ಕಣ್ಣು ಊರುಗೋಲು ಹಿಡಿದು ಕೂತ ನೀಲವ್ವನ ಮೇಲಿತ್ತು.

“ಮಾತು ಎಲ್ಲಾರೂ ಛಲೋನ ಆಡಿ ಹೋಗ್ಯಾರ್ರೀ. ನಾವು ಹೆಣ್ಣು ಕೊಡೋಕಿಂತ ಮೊದಲ ಆ ಮನೀ ಹಿರೀ ಸೊಸೀನ ಮಾತಾಡಸ್ತೀವಿ,” ಎಂದು ನೀಲವ್ವನ ಪಕ್ಕಕ್ಕೆ ಸರಿದಳು. “ಹೊಟ್ಟಿ ತುಂಬ ಹಾಕ್ತಾರೇನವ್ವಾ?”

“ಹಾಕ್ತಾರ. ರೊಟ್ಟಿ ಮಾತ್ರ ದಪ್ಪ. ಗುರುಗಳೇ ಬಡದಾರೇನೋ ಅನಸ್ತದ.”

ಗುರುಗಳು ಅವಲಕ್ಕಿ ತಿನ್ನುತ್ತಿದ್ದರು.

“ಕಾಲಿಗೆ ಏನಾತು?”

“ಆಡೂವಾಗ ಬಿದ್ದೆ. ಮೊಣಕಾಲು ತಿರುಗಿತು. ಗುರುಗಳು ದಿನಾ ಹೊಳೀ ದಂಡಿಗೆ ನಡಸ್ತಾರ. ಕುಂತರ ಬೈತಾರ.”

“ಮತ್ತ ಆಡ್ತೀಯೇನು?”

“ಗೊತ್ತಿಲ್ಲರೀ ಅವ್ವಾರ.”

ಬಾಳವ್ವ ಅವಳ ಮೊಣಕಾಲ ಮೇಲೆ ಕೈಯಿಟ್ಟಳು. ಪಕ್ಕದ ಟ್ರಂಕು ನೋಡಿ ಕೇಳಿದಳು: “ಟ್ರಂಕ್ ಯಾಕ ತಂದೀಯವ್ವಾ?”

ನೀಲವ್ವ ಶಿಷ್ಯನ ಮುಖ ನೋಡಿದಳು. ಶಿಷ್ಯ ಗುರುಗಳ ಮುಖ ನೋಡಿದ. ಗುರುಗಳು ತಟ್ಟೆ ಕೆಳಗಿಟ್ಟು ನೀರು ಕುಡಿದರು.

“ನಾನೇ ತರಿಸಿದೆ,” ಎಂದ ಶಿಷ್ಯ. ಅವನ ದನಿ ಇಳಿದಿತ್ತು. “ನಮ್ಮಲ್ಲಿ ಮಂಚ ಇರೋದು ಎಂಟೇ ಅವ್ವಾರೇ. ಇವಳನ್ನು ಊರಿಗೆ ಬಿಟ್ಟು, ನಿಮ್ಮ ಮಗಳನ್ನು…”



“ಹಿರೀ ಸೊಸೀನ ಹೊರಗ ಹಾಕೋ ಮನೀಗೆ ನಾ ಹೆಣ್ಣು ಕೊಡಂಗಿಲ್ಲ,” ಎಂದು ಬಾಳವ್ವ ಎದ್ದು ಒಳಗೆ ಹೋದಳು.

ಕೆಲಸ ಕೆಟ್ಟಿತು ಎಂದುಕೊಂಡ ಶಿಷ್ಯ. ಏಳಬೇಕೆಂದು ಜಮಖಾನಕ್ಕೆ ಕೈಯೂರಿದ. ಗುರುಗಳು ಏಳಲಿಲ್ಲ.

ಬಾಳವ್ವ ಒಂದು ಹಳೆಯ ಕೌದಿ ತಂದು ನೀಲವ್ವನ ತೊಡೆಯ ಮೇಲಿಟ್ಟಳು.

“ನಮ್ಮ ಮನ್ಯಾಗ ಮೂರು ಮಂದಿ ಒಂದ ಕೌದಿ ಹೊದಕೋತೀವಿ. ನಿಮಗಿಬ್ಬರಿಗೆ ಒಂದು ಮಂಚ ಸಾಲಂಗಿಲ್ಲೇನು? ಇದನ್ನ ಒಯ್ಯವ್ವಾ. ಕಾಲೇಜು ಸುರು ಆದಾಗ ನಿನ್ನ ತಂಗೀನ ಕಳಸ್ತೀನಿ. ನೀ ಅಲ್ಲಿ ಇದ್ದರ ಮಾತ್ರ.”

ಬಾಗಿಲಲ್ಲಿದ್ದ ಕಸ್ತೂರಿ ಮೊದಲ ಸಲ ಬಾಯಿ ಬಿಟ್ಟಳು. “ನಾ ನಿದ್ದ್ಯಾಗ ಒದೀತೀನಿ ಅಕ್ಕಾ.”

“ಒದಿ. ಈ ಕಾಲು ಬಿಟ್ಟು,” ಎಂದಳು ನೀಲವ್ವ.

ಮರಳುವಾಗ ಟ್ರಂಕನ್ನು ಶಿಷ್ಯನೇ ಹೊತ್ತು ಬಸ್ಸಿಗೆ ಏರಿಸಿದ. ಹೊತ್ತು ಇಳಿಯುತ್ತಿತ್ತು. ನೀಲವ್ವ ಕೌದಿ ಹೊದ್ದು ಕಿಟಕಿಗೆ ತಲೆಯಾನಿಸಿದಳು.

“ಗುರುಗಳೇ, ಟ್ರಂಕು ನೋಡಿದಾಗಲೇ ಇದು ತಪ್ಪು ಅಂತ ನನಗೆ ಯಾಕೆ ಹೇಳಲಿಲ್ಲ?” ಎಂದು ಶಿಷ್ಯ ಕೇಳಿದ.

ಗುರುಗಳು ಅವಳ ಕಾಲ ಮೇಲಿಂದ ಜಾರಿದ ಕೌದಿಯನ್ನು ಎಳೆದು ಸರಿಮಾಡಿದರು.

ಬಸ್ಸು ನಿಂತಿತು. ಅದು ನೀಲವ್ವನ ಊರಿನ ಕ್ರಾಸು. ಕಂಡಕ್ಟರ್ ಹಿಂದೆ ತಿರುಗಿ, “ಇಳಿಯೋರು ಯಾರಾದರೂ ಅದಾರೇನು?” ಎಂದ.

“ಇಲ್ಲ,” ಎಂದು ಶಿಷ್ಯ ಎದ್ದು ನಿಂತು ಗಟ್ಟಿಯಾಗಿ ಹೇಳಿದ. “ಇಲ್ಲಿ ಇಳಿಯೋರು ಯಾರೂ ಇಲ್ಲ.”

ಗುರುಗಳು ಅವನ ಅಂಗಿ ಹಿಡಿದು ಕೂರಿಸಿಕೊಂಡರು.

“ಮೆಲ್ಲಗೆ ಹೇಳಪ್ಪಾ. ಹಿರೀ ಸೊಸೆಗೆ ಈಗಷ್ಟೇ ನಿದ್ದೆ ಹತ್ತಿದೆ.”