ಶಂಭುಲಿಂಗ ಮೆತ್ತಿದ ಗೋಡೆ

ಹೊಳೆ ದಂಡೆಯಲ್ಲಿ ಒಂದು ಮಠ ಅಂತಿಟ್ಟುಕೊಳ್ಳಿ. ಅಲ್ಲಿ ಮರುಳಯ್ಯ ಅಂತ ಗುರು, ಶಂಭುಲಿಂಗ ಅಂತ ಶಿಷ್ಯ.

ಶಂಭುಲಿಂಗನಿಗೆ ಎಚ್‌ಐವಿ. ದಿನಾ ಆಸ್ಪತ್ರೆಯ ಮಾತ್ರೆ ನುಂಗುತ್ತಿದ್ದ, ಗಟ್ಟಿಮುಟ್ಟಾಗೇ ಇದ್ದ. ಹೊಟ್ಟೆ ಮಾತ್ರ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಕಟ್ಟಿಕೊಂಡರೆ ಮತ್ತೊಂದು ದಿನ ನೀರಾಗಿ ಹೋಗುತ್ತಿತ್ತು.

"ಅಯ್ಯನೋರೇ, ಈ ಮಾತ್ರೆಯೇ ನನ್ನ ಹೊಟ್ಟೆ ಕೆಡಿಸ್ತಿರೋದು. ನಾಳೆಯಿಂದ ಬಿಟ್ಟುಬಿಡ್ತೀನಿ" ಅಂದ.

"ಡಾಕ್ಟರಮ್ಮ ಏನಂದರು?"

"ಮಾತ್ರೆ ಬಿಡಬೇಡ, ಸೊಪ್ಪು, ಕಾಳು, ಜರಡಿ ಹಿಡಿಯದ ಹಿಟ್ಟು ತಿನ್ನು ಅಂದರು. ಕೆಟ್ಟ ಹೊಟ್ಟೆಗೆ ಅವೆಲ್ಲ ಒರಟಲ್ಲವೇ? ನಾನು ಬಿಳಿ ಅನ್ನ, ಮಜ್ಜಿಗೆ ಉಣ್ತೀನಿ. ರಾಗಿ ಹಿಟ್ಟನ್ನ ಬಟ್ಟೆಯಲ್ಲಿ ಸೋಸಿ ಅಂಬಲಿ ಮಾಡ್ಕೋತೀನಿ. ಉಳಿದ ತೌಡು ಹಸುವಿಗೆ."

"ಅದಕ್ಕೇ ಹಸು ಅಷ್ಟು ಚೆಂದ ಸಗಣಿ ಹಾಕ್ತಿದೆ" ಅಂದರು ಗುರು.

ಆಮೇಲೆ ಅಡುಗೆಮನೆ ಗೋಡೆ ತೋರಿಸಿದರು. "ಮಣ್ಣು ಉದುರಿದೆ. ಹುಲ್ಲು ಬೆರೆಸಿ ಮೆತ್ತಪ್ಪ."

ಶಂಭುಲಿಂಗ ಮಣ್ಣನ್ನೂ ಜರಡಿ ಹಿಡಿದ. ಹುಲ್ಲು ಹಾಕಲೇ ಇಲ್ಲ. ಬೆಣ್ಣೆ ಸವರಿದ ಹಾಗೆ ಮೆತ್ತಿದ.

ಒಣಗಿತು ನೋಡಿ, ಮೂಲೆಯಿಂದ ಮೂಲೆಗೆ ಬಿರಿಯಿತು. ಆ ಬಿರುಕಿನಲ್ಲಿ ಇರುವೆ ನುಗ್ಗಿ ಬೆಲ್ಲದ ಗಡಿಗೆ ಹತ್ತಿದವು.

"ಹುಲ್ಲೆಲ್ಲೋ?"

"ಕಸ ಅಂತ ಬಿಟ್ಟೆ, ಅಯ್ಯನೋರೇ. ನುಣ್ಣಗಿರಲಿ ಅಂತ."

"ನುಣ್ಣಗೇನೋ ಇತ್ತು. ಹಿಡಿದುಕೊಳ್ಳೋದು ಯಾವುದು?"

ಶಂಭುಲಿಂಗ ಬಿರುಕನ್ನೇ ನೋಡುತ್ತ ನಿಂತ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ನನ್ನ ಕರುಳಿಗೂ ಹಿಂಗೇ ಆಗಿದೆಯೇ?"

"ಈ ಕಾಯಿಲೆ ಮೊದಮೊದಲೇ ಕೆರೆಯೋದು ಕರುಳಿನ ಗೋಡೆಯನ್ನಂತೆ. ಅದನ್ನ ಮೆತ್ತೋ, ಕಣ್ಣಿಗೆ ಕಾಣದ ಸಣ್ಣ ಜೀವಗಳೂ ಕರುಳಿನ ಒಳಗೇ ಇವೆಯಂತೆ. ನೀನು ಸೋಸಿ ಹಸುವಿಗೆ ಹಾಕಿದ್ದು ಅವುಗಳ ಕೂಳು."

"ಹಂಗಾದರೆ ಇವತ್ತೇ ಒಂದು ಮೊರ ಸೊಪ್ಪು ತಿಂದುಬಿಡ್ತೀನಿ."

"ತಿಂದು ಹೊಟ್ಟೆ ಉಬ್ಬಿಸಿಕೊಂಡು ನನ್ನ ಮುಂದೆ ನರಳಬೇಡ. ಇವತ್ತು ಒಂದು ಹಿಡಿ ತಿನ್ನು, ನೀರು ಚೆನ್ನಾಗಿ ಕುಡಿ. ಒಗ್ಗಿದ ಹಾಗೆ ಹೆಚ್ಚಿಸು. ಒಗ್ಗದಿದ್ದರೆ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳು, ನನ್ನನ್ನಲ್ಲ."

ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಸೋಸದ ಹಿಟ್ಟಿನ ಮುದ್ದೆ, ಸೊಪ್ಪಿನ ಸಾರು.

ಕೈ ತೊಳೆದುಕೊಂಡು ಶಂಭುಲಿಂಗ ಮೆಲ್ಲಗೆ ಕೇಳಿದ. "ಮೆತ್ತೋರು ಒಳಗೇ ಇದ್ದಾರೆ ಅಂದಮೇಲೆ ಇನ್ನು ಮಾತ್ರೆ ಯಾಕೆ, ಅಯ್ಯನೋರೇ?"

ಗುರು ಅವತ್ತಿನ ಮಾತ್ರೆಯನ್ನೂ ಒಂದು ಚೊಂಬು ನೀರನ್ನೂ ತಂದು ಅವನ ಮುಂದಿಟ್ಟರು.

"ಬಾಗಿಲು ಕಾಯೋನನ್ನ ಓಡಿಸಿ ಗೋಡೆ ಮೆತ್ತೋರನ್ನ ಎಲ್ಲಾದರೂ ಕಂಡಿದ್ದೀಯೇನೋ?"