ಕೊಟ್ರೇಶ ಸಾಲು ಸರಿ ಮಾಡಿದ್ದು

ಕತೆ ಹೇಳಿ ಅಭ್ಯಾಸವಿಲ್ಲ, ಎಡವಟ್ಟಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಒಂದೂರಲ್ಲಿ ಹಾಲಮ್ಮ. ಅವಳದೊಂದು ಟೈಪಿಂಗ್ ಅಂಗಡಿ. ಮಗ ಕೊಟ್ರೇಶ, ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಅದೇ ಅವಳ ಕರ್ಮ.

ಊರಲ್ಲಿ ಒಂಬತ್ತು ಜೋಡಿಯ ಸಾಮೂಹಿಕ ಮದುವೆ. ಅದರಲ್ಲೊಬ್ಬಳು ಹಾಲಮ್ಮನ ಮಗಳು ಹೇಮ. ಆರು ವರ್ಷ ಹುಡುಕಿ ಸಿಕ್ಕ ಗಂಡು! ವಧೂವರರ ಪಟ್ಟಿ ಮಾಡುವ ಕೆಲಸವೂ ಹಾಲಮ್ಮನದೇ. ಎಡಕ್ಕೆ ಹೆಣ್ಣು, ಬಲಕ್ಕೆ ಗಂಡು. ಅದೇ ಪಟ್ಟಿ ಕಾಗದಕ್ಕೂ ಹೋಗಬೇಕು, ಫೋನಿಗೂ ಹೋಗಬೇಕು, ಮಂಟಪದ ಟಿವಿಗೂ ಹೋಗಬೇಕು. ಇಲ್ಲೊಂದು ತೊಡಕಿದೆ, ಹೇಳಿಬಿಡುತ್ತೇನೆ: ಪರದೆಯಲ್ಲಿ ನೆಟ್ಟಗೆ ಕಂಡ ಸಾಲು ಕಾಗದದಲ್ಲಿ ಸೊಟ್ಟ. ಯಾಕೆಂದರೆ ನಮ್ಮ ‘ರ’ ತೆಳ್ಳಗೆ, ‘ಮಾ’ ದಪ್ಪ. ಅಕ್ಷರ ಎಣಿಸಿದರೆ ಸಮ, ಅಗಲ ಅಳೆದರೆ ಸಮವಲ್ಲ; ಅದೂ ಪರದೆಗೊಂದು ಅಳತೆ, ಕಾಗದಕ್ಕೊಂದು. ಸಾಲು ಸರಿದರೆ ಯಾರ ಹೆಣ್ಣಿನ ಎದುರು ಯಾರ ಗಂಡೋ!

“ಚಿಕ್ಕ ಹೆಸರಿನ ಮುಂದೆ ಖಾಲಿ ಜಾಗ ಹಾಕೋ” ಅಂದಳು ಹಾಲಮ್ಮ.

ಹಾಕಿದ. ಕಾಗದದಲ್ಲಿ ಬಂತು: ‘ಉಮಾ ಖಾಲಿ ಜಾಗ ಖಾಲಿ ಜಾಗ’.

ಉಮಾಳ ಅಪ್ಪ ಓಡಿಬಂದ. “ಏನಮ್ಮಾ, ನನ್ನ ಮಗಳ ಮುಂದೆ ಗಂಡೇ ಇಲ್ವಾ?”

“ಅಯ್ಯೋ ಪೆದ್ದೇ! ಜಾಗ ಅಂತ ಬರೀತಾರೇನೋ? ಹೆಸರುಗಳ ಮಧ್ಯೆ ಗೆರೆ ಎಳಿ, ಸಾಕು!”

ಎಳೆದ. ಫೋನಿಗೆ ಕಳಿಸುವ ಪಟ್ಟಿಯಲ್ಲಿ ಒಂದೊಂದು ಹೆಸರಿನ ನಟ್ಟನಡುವೆ ಅಡ್ಡಗೆರೆ!

ಬೀಗರ ಫೋನು. “ನಮ್ಮ ಹುಡುಗನ ಹೆಸರು ಹೊಡೆದು ಹಾಕಿದೀರಲ್ಲಮ್ಮ! ಸಂಬಂಧ ಬೇಡ್ವಾ?”

ಹಾಲಮ್ಮ ಅತ್ತಳು, ಕೈಮುಗಿದಳು, ತಪ್ಪಾಯ್ತು ಅಂದಳು. ಆಮೇಲೆ ಮಗನಿಗೆ, “ಗೆರೆ ಮುಟ್ಟಬೇಡ! ಉದ್ದ ಇರೋದು ಸಾಲಿಂದಾಚೆ ಬಂದ್ರೆ ಕೆಳಗಿನ ಸಾಲಿಗೆ ಇಳಿಸು. ಗೊತ್ತಾಯ್ತಾ?”

“ಗೊತ್ತಾಯ್ತವ್ವ.”

ಟಿವಿ ಪಟ್ಟಿಯನ್ನು ಹಾಲಮ್ಮ ತಾನೇ ಮಾಡಿದಳು. ಒಂದು ಅಕ್ಷರ ಜರುಗಲಿಲ್ಲ! ಅಬ್ಬಾ, ಗೆದ್ದೆ ಅಂದುಕೊಂಡಳು. ಮಂಟಪದಲ್ಲಿ ಜೋಡಿಗಳನ್ನು ಸಾಲಾಗಿ ಕೂರಿಸುವುದು ಮಾತ್ರ ಕೊಟ್ರೇಶನ ಪಾಲಿಗೆ ಬಂತು.

ಮುಹೂರ್ತ ಬಂತು. ಗಟ್ಟಿಮೇಳ ಬಡಿಯಿತು. ಹಾಲಮ್ಮ ಅಕ್ಷತೆ ಎತ್ತಿದಳು. ನೋಡಿದರೆ ಹೇಮಳ ಪಕ್ಕದ ಮಣೆ ಬರಿದು! ಹುಡುಗಿ ಕಣ್ಣಲ್ಲಿ ನೀರು.

“ಲೋ ಕೊಟ್ರೇಶ, ಅಳಿಯಂದಿರೆಲ್ಲೋ?”

“ಭಾವ ಬಹಳ ಉದ್ದ ಅಲ್ವೇನವ್ವ? ತಲೆ ಸಾಲಿಂದಾಚೆ ಬಂದಿತ್ತು. ಕೆಳಗಿನ ಸಾಲಿಗೆ ಇಳಿಸಿದೀನಿ. ಮಂಟಪದ ಕೆಳಗೆ ಊಟದ ಸಾಲಲ್ಲಿ ಪಾಯಸ ಉಣ್ತಾ ಇದಾರೆ. ಈಗ ನೋಡು, ಎಷ್ಟು ನೆಟ್ಟಗಿದೆ!”

ಇಲ್ಲಿ ಸಾಲು ಅಂದರೆ ಏನು ಅಂತ ಬಿಡಿಸಿ ಹೇಳಬೇಕು. ಅಡ್ಡ ಸಾಲು ಬೇರೆ, ಉದ್ದ ಸಾಲು ಬೇರೆ. ಊಟದ ಸಾಲು ಅಂದರೆ... ಹಾಂ, ಬಂದೆ, ಬಂದೆ! ಒಳಗೆ ಕರೀತಿದಾರೆ. ಊಟದ ಸಾಲು ಅಂದರೆ