ಅಟ್ಟ ಬರಿದು ಮಾಡಿದ ದರ್ಜಿ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: “ನನ್ನದೆನ್ನುವುದನ್ನೆಲ್ಲ ಕೊಟ್ಟು ಇಲ್ಲಿಗೆ ಬಂದೆ. ಆದರೂ ಮನಸ್ಸು ಯಾಕೆ ಹಗುರಾಗಲಿಲ್ಲ?”

ಗುರು ಹೇಳಿದರು:

ಒಬ್ಬ ದರ್ಜಿಯಿದ್ದ. ಅವನಿಗೆ ಗೆಳೆಯನೆಂದರೆ ಅದೇ ಊರಿನ ಕುಂಬಾರನೊಬ್ಬನೇ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಇಬ್ಬರೂ ಬೆಟ್ಟ ಹತ್ತುತ್ತಿದ್ದರು. ಮೂರು ಕಲ್ಲು ಹೂಡಿ ಗಂಜಿ ಕಾಯಿಸಿಕೊಳ್ಳುತ್ತಿದ್ದರು. ದರ್ಜಿಯೇ ಹೊಲಿದ ಡೇರೆಯಲ್ಲಿ ಮಲಗುತ್ತಿದ್ದರು. ಅಲ್ಲಿ ಅವರಿಗೆ ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕುಂಬಾರ ಜ್ವರ ಬಂದು ತೀರಿಕೊಂಡ. ದರ್ಜಿ ಮತ್ತೆ ಬೆಟ್ಟದ ಕಡೆ ಹೋಗಲಿಲ್ಲ.

ಡೇರೆ, ಹಗ್ಗ, ಕಂಬಳಿ, ಊರುಗೋಲು, ಮಸಿ ಹಿಡಿದ ಪಾತ್ರೆ ಎಲ್ಲವೂ ಅಟ್ಟದ ಮೇಲೆ ಉಳಿದವು. ಕಣ್ಣು ಅತ್ತ ಹೋದಾಗಲೆಲ್ಲ ಅವನಿಗೆ ಊಟ ಸೇರುತ್ತಿರಲಿಲ್ಲ. ಇವು ಮನೆಯಲ್ಲಿ ಇಲ್ಲದಿದ್ದರೆ ನೆಮ್ಮದಿಯಾದೀತು ಎಂದುಕೊಂಡು ಒಂದು ದಿನ ಎಲ್ಲವನ್ನೂ ಕೆಳಗಿಳಿಸಿದ. ಡೇರೆಯನ್ನು ಒಬ್ಬ ಕುರಿಗಾಹಿಗೆ ಕೊಟ್ಟ. ಹಗ್ಗವನ್ನು ಬಾವಿ ತೋಡುವವನು ಒಯ್ದ. ಉಳಿದದ್ದನ್ನು ಬೇಕೆಂದವರ ಕೈಗೆ ಹಾಕಿ, ಅಟ್ಟವನ್ನು ಗುಡಿಸಿದ. ಕೆಲವು ದಿನ ನಿದ್ದೆಯೂ ಚೆನ್ನಾಗಿ ಬಂತು.

ಆ ವರ್ಷ ಮಳೆ ನಿಂತ ಮೇಲೆ ಕುಂಬಾರನ ಮಗಳು ಬಂದಳು. ತಂದೆ ಬೆಟ್ಟದ ಮೇಲೆ ಎಲ್ಲಿ ತಂಗುತ್ತಿದ್ದನೋ ಆ ಜಾಗವನ್ನು ಒಮ್ಮೆ ನೋಡಬೇಕು, ದಾರಿ ಬಲ್ಲವರು ಬೇರೆ ಯಾರೂ ಇಲ್ಲ, ಕರೆದುಕೊಂಡು ಹೋಗಬೇಕು ಎಂದು ಕೇಳಿಕೊಂಡಳು. ದರ್ಜಿ ತನ್ನಲ್ಲಿ ಸಾಮಾನೇನೂ ಉಳಿದಿಲ್ಲ ಎಂದ.

“ಎಲ್ಲ ಹೊಂದಿಸಿಕೊಂಡಿದ್ದೇನೆ ದೊಡ್ಡಪ್ಪ. ಹೊರೆಯನ್ನೂ ನಾನೇ ಹೊರುತ್ತೇನೆ. ನೀವು ಜೊತೆಗೆ ಬಂದರೆ ಸಾಕು.”

ದರ್ಜಿ ಹೊಲಿಗೆಯನ್ನು ಮತ್ತೆ ಕೈಗೆತ್ತಿಕೊಂಡ. ಆಮೇಲೆ, “ಬೆಟ್ಟ ಕುಸಿದು ದಾರಿ ಮುಚ್ಚಿಹೋಗಿದೆಯಮ್ಮ,” ಎಂದ.

ಬೆಟ್ಟ ಕುಸಿದಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು; ಅದು ಸುಳ್ಳೆಂದು ಅವಳಿಗೆ ತಿಳಿಯಿತು. ನಮಸ್ಕರಿಸಿ ಹೊರಟಳು. ಆಮೇಲೆ ಆ ಮನೆಗೆ ಅವಳು ಬರಲಿಲ್ಲ. ಬೆಟ್ಟದ ಮಾತೆತ್ತಲು ಬೇರೆ ಯಾರೂ ಬರಲಿಲ್ಲ. ದರ್ಜಿ ಬಟ್ಟೆ ಹೊಲಿಯುತ್ತಲೇ ಮುದುಕನಾದ. ಮನೆಯಲ್ಲಿ ಕೊಡುವುದಕ್ಕೆ ಇನ್ನೇನೂ ಇರಲಿಲ್ಲ. ಎದೆಯ ಭಾರ ಮಾತ್ರ ಮೊದಲಿಗಿಂತ ಹೆಚ್ಚಾಗಿತ್ತು.

ಇಷ್ಟು ಹೇಳಿ ಗುರು ಶಿಷ್ಯನ ಮುಖ ನೋಡಿದರು.

“ನೀನು ಇಲ್ಲಿಗೆ ಬಂದ ಮೇಲೆ ನಿನ್ನನ್ನು ಕರೆಯಲು ಬಂದವರಿಗೆ ಏನು ಹೇಳಿ ಕಳಿಸಿದೆ?”

“ನಾನು ಇಲ್ಲಿಲ್ಲವೆಂದು ಹೇಳಿಸಿದೆ,” ಎಂದ ಶಿಷ್ಯ.